ಜೊತೆಯಲ್ಲೇ ನಿಲ್ಲುವ ಹೆಸರು

(ಗಣಿತಜ್ಞ ಎಂ.ಎಸ್. ನರಸಿಂಹನ್ ಅವರನ್ನು ನೆನೆದು ಬೆಂಗಳೂರಿನ ಬಸವನಗುಡಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಂ.ಎಸ್. ನರಸಿಂಹನ್ ತೀರಿಕೊಂಡದ್ದು 2021ರ ಮೇ 15ರಂದು, ಇದೇ ಬೆಂಗಳೂರಿನಲ್ಲಿ. ಎಂಬತ್ತೊಂಬತ್ತು ತುಂಬಲು ಇನ್ನು ಮೂರು ವಾರ ಚಿಲ್ಲರೆ ಉಳಿದಿತ್ತು. ಕೋವಿಡ್ ಎರಡನೇ ಅಲೆಯಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದ ದಿನಗಳು ಅವು. ಅಷ್ಟೊಂದು ಸಾವಿನ ಸುದ್ದಿಗಳ ನಡುವೆ ಒಬ್ಬ ಗಣಿತಜ್ಞನ ಸಾವು ಎಷ್ಟು ಜನರ ಕಿವಿಗೆ ಬಿದ್ದೀತು? ನಾಲ್ಕು ಜನ ಒಂದೆಡೆ ಸೇರಿ ಅವರ ಬಗ್ಗೆ ಮಾತಾಡುವುದಕ್ಕೂ ಆಗ ಅನುಮತಿ ಇರಲಿಲ್ಲ. ಆ ಬಾಕಿಯನ್ನು ಸ್ವಲ್ಪವಾದರೂ ತೀರಿಸೋಣ ಎಂದು ಇಂದಿನ ಮಾತಿಗೆ ಈ ವಿಷಯವನ್ನು ಆರಿಸಿಕೊಂಡೆ.

ಮೊದಲು ಹೆಸರಿನ ಗೊಂದಲವೊಂದನ್ನು ಬಗೆಹರಿಸಿಬಿಡೋಣ. ಬಸವನಗುಡಿಯಲ್ಲಿ ನಿಂತು ವಿಜ್ಞಾನದ ಮಾತಿನ ನಡುವೆ ಈ ಹೆಸರು ಎತ್ತಿದರೆ, ಅರ್ಧ ಸಭೆ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರನ್ನು ನೆನೆಯುತ್ತದೆ. ನೆನೆಯಬೇಕಾದವರೇ ಅವರು, ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ಜನಸಾಮಾನ್ಯರು ವಿಜ್ಞಾನದ ಉಪನ್ಯಾಸ ಕೇಳುವ ಪರಿಪಾಠವನ್ನು ಈ ಊರಿಗೆ ಕಲಿಸಿದವರು. ಆದರೆ ಇಂದಿನ ಮಾತು ಅವರ ಬಗ್ಗೆ ಅಲ್ಲ. ಗಣಿತ ಬಲ್ಲವರಿಗೂ ಈ ಗೊಂದಲ ತಪ್ಪಿದ್ದಲ್ಲ. ರಾಘವನ್ ನರಸಿಂಹನ್ ಎಂಬ ಇನ್ನೊಬ್ಬ ದೊಡ್ಡ ಗಣಿತಜ್ಞರಿದ್ದರು. ಅದೇ ಸಂಸ್ಥೆ, ಅದೇ ಗುರು, ಹೆಚ್ಚು ಕಡಿಮೆ ಅದೇ ಕಾಲ. ಅವರು ಮುಂದೆ ಷಿಕಾಗೊಗೆ ಹೋಗಿ ನೆಲೆಸಿದರು. ನಮ್ಮ ಎಂ.ಎಸ್. ಇಲ್ಲೇ ಉಳಿದರು.

ಗಣಿತಜ್ಞ ಎಂದರೆ ನಮ್ಮಲ್ಲಿ ಒಂದು ಸಿದ್ಧ ಚಿತ್ರವಿದೆ. ರಾಮಾನುಜನ್ ಅವರ ಕಥೆ ಕೇಳಿ ಕೇಳಿ ಮೂಡಿದ್ದು ಅದು. ಒಬ್ಬನೇ ಕುಳಿತಿರುತ್ತಾನೆ, ಊಟ ನಿದ್ದೆಯ ಪರಿವೆ ಇಲ್ಲ, ಮನೆಯವರಿಗೆ ಅವನೊಂದು ಒಗಟು. ನರಸಿಂಹನ್ ಅವರ ಕೆಲಸದ ಪಟ್ಟಿಯನ್ನು ಈ ಚಿತ್ರದ ಪಕ್ಕ ಇಟ್ಟು ನೋಡಿ. ಕೊಟಾಕೆ–ನರಸಿಂಹನ್ ಪ್ರಮೇಯ. ನರಸಿಂಹನ್–ಶೇಷಾದ್ರಿ ಪ್ರಮೇಯ. ನರಸಿಂಹನ್ ಮತ್ತು ರಮಣನ್ ಸೇರಿ ಬರೆದ ಸಾಲು ಸಾಲು ಲೇಖನಗಳು. ಹಾರ್ಡರ್–ನರಸಿಂಹನ್ ಸೋಪಾನ. ಡ್ರೆಜೆ–ನರಸಿಂಹನ್. ಬೋವಿಲ್–ನರಸಿಂಹನ್–ರಮಣನ್. ನರಸಿಂಹನ್–ರಾಮದಾಸ್. ಕೊಟಾಕೆ ಜಪಾನಿನವರು, ಹಾರ್ಡರ್ ಜರ್ಮನಿಯವರು, ಡ್ರೆಜೆ ಮತ್ತು ಬೋವಿಲ್ ಫ್ರಾನ್ಸಿನವರು, ಉಳಿದವರು ನಮ್ಮವರು. ಐವತ್ತು ವರ್ಷಗಳ ದುಡಿಮೆಯಲ್ಲಿ ಈ ಹೆಸರು ಒಂಟಿಯಾಗಿ ನಿಂತದ್ದು ಕಡಿಮೆ. ಅದರ ಎಡಕ್ಕೋ ಬಲಕ್ಕೋ ಒಂದು ಅಡ್ಡಗೆರೆ, ಆಚೆ ಇನ್ನೊಬ್ಬರು. ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಆ ಅಡ್ಡಗೆರೆಯ ಕಥೆ.

ಹುಟ್ಟಿದ್ದು 1932ರ ಜೂನ್ 7ರಂದು, ತಮಿಳುನಾಡಿನ ಉತ್ತರ ಆರ್ಕಾಟ್ ಸೀಮೆಯ ತಂಡರೈ ಎಂಬ ಹಳ್ಳಿಯಲ್ಲಿ. ಬೇಸಾಯದ ಮನೆತನ. ಐದು ಮಕ್ಕಳಲ್ಲಿ ಇವರೇ ಹಿರಿಯರು. ನಮ್ಮ ಮನೆಗಳಲ್ಲಿ ಹಿರಿಯ ಮಗ ಎಂದರೆ ಏನೆಂದು ಈ ಸಭೆಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಕಾಲದಲ್ಲಿ ಲೆಕ್ಕದಲ್ಲಿ ಚುರುಕಾದ ಹುಡುಗ ಎಂಜಿನಿಯರ್ ಆಗಬೇಕು, ಇಲ್ಲವೇ ಸರ್ಕಾರಿ ಪರೀಕ್ಷೆ ಕಟ್ಟಿ ಅಧಿಕಾರಿಯಾಗಬೇಕು. ಗಣಿತದಲ್ಲಿ ಸಂಶೋಧನೆ ಎಂಬುದೂ ಒಂದು ಉದ್ಯೋಗ ಎಂದು ಹಳ್ಳಿಯಲ್ಲಿ ಯಾರಿಗೆ ಗೊತ್ತಿತ್ತು? ಆ ದಾರಿ ಇದೆ ಎಂದು ತೋರಿಸಿದವರು ಮದ್ರಾಸಿನ ಲಯೋಲಾ ಕಾಲೇಜಿನ ಒಬ್ಬ ಫ್ರೆಂಚ್ ಪಾದ್ರಿ.

ಅವರ ಹೆಸರು ಫಾದರ್ ಷಾರ್ಲ್ ರಾಸಿನ್. ಪ್ಯಾರಿಸ್ಸಿನಲ್ಲಿ ಗಣಿತಜ್ಞ ಎಲೀ ಕಾರ್ತಾನ್ ಅವರ ಬಳಿ ಕಲಿತು, 1930ರ ದಶಕದ ಕೊನೆಯಲ್ಲಿ ಭಾರತಕ್ಕೆ ಬಂದವರು. ಆಗ ನಮ್ಮ ಕಾಲೇಜುಗಳಲ್ಲಿ ಗಣಿತವೆಂದರೆ ಕೇಂಬ್ರಿಜ್‌ನ ಹಳೆಯ ಪರೀಕ್ಷೆಗಳ ನೆರಳು: ಕಷ್ಟದ ಲೆಕ್ಕ ಕೊಡುವುದು, ಜಾಣತನದಿಂದ ಬಿಡಿಸುವುದು. ಫ್ರಾನ್ಸಿನಲ್ಲಿ ಅಷ್ಟರಲ್ಲಿ ಗಣಿತದ ಮುಖವೇ ಬದಲಾಗಿತ್ತು. ರಾಸಿನ್ ಆ ಹೊಸ ಗಾಳಿಯನ್ನು ಮದ್ರಾಸಿಗೆ ತಂದರು. ಅವರ ಬಳಿ ಓದಿದ ಇನ್ನೊಬ್ಬ ಹುಡುಗ ಸಿ.ಎಸ್. ಶೇಷಾದ್ರಿ. ಕಾಂಚೀಪುರದಲ್ಲಿ ಹುಟ್ಟಿದವರು, ಅದೂ 1932ರ ಫೆಬ್ರುವರಿ 29ರಂದು. ನಾಲ್ಕು ವರ್ಷಕ್ಕೊಮ್ಮೆ ಹುಟ್ಟುಹಬ್ಬ. ಗಣಿತದಷ್ಟೇ ಶ್ರದ್ಧೆಯಿಂದ ಕರ್ನಾಟಕ ಸಂಗೀತ ಹಾಡುತ್ತಿದ್ದವರು. 1953ರಲ್ಲಿ ಇಬ್ಬರೂ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ, ಅಂದರೆ ಟಿಐಎಫ್‌ಆರ್‌ಗೆ ಸೇರಿದರು.

ಇಲ್ಲಿ ಒಂದು ಬೆಂಗಳೂರಿನ ಮಾತು ಹೇಳದೆ ಮುಂದೆ ಹೋಗಲಾರೆ. ಟಿಐಎಫ್‌ಆರ್ ಹುಟ್ಟಿದ್ದು ಮುಂಬಯಿಯಲ್ಲಿ ಎಂದು ಎಲ್ಲರೂ ಅಂದುಕೊಂಡಿದ್ದಾರೆ. 1945ರಲ್ಲಿ ಹೋಮಿ ಭಾಭಾ ಅದನ್ನು ಆರಂಭಿಸಿದ್ದು ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಅದೇ ವರ್ಷದ ಕೊನೆಗೆ ಅದು ಮುಂಬಯಿಗೆ ಹೋಯಿತು. ಹಾಗಾಗಿ ತವರು ನಮ್ಮದೇ. ನರಸಿಂಹನ್ ಸೇರಿದಾಗ ಕೊಲಾಬಾದ ಇಂದಿನ ಕಟ್ಟಡ ಇರಲಿಲ್ಲ. ಗೇಟ್‌ವೇ ಆಫ್ ಇಂಡಿಯಾ ಹತ್ತಿರದ ಹಳೆಯ ಯಾಟ್ ಕ್ಲಬ್ಬಿನಲ್ಲಿ ಸಂಸ್ಥೆ ನಡೆಯುತ್ತಿತ್ತು.

ಅಲ್ಲಿನ ಗಣಿತ ಶಾಲೆಯನ್ನು ಕಟ್ಟಿದವರು ಕೆ. ಚಂದ್ರಶೇಖರನ್. ಪ್ರಿನ್ಸ್‌ಟನ್‌ನಲ್ಲಿದ್ದವರನ್ನು ಭಾಭಾ 1949ರಲ್ಲಿ ಕರೆತಂದರು. ಅವರು ಒಂದು ಪದ್ಧತಿ ಹಾಕಿದರು, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಯೂರೋಪಿನಿಂದ, ಅಮೆರಿಕದಿಂದ ಅತಿ ದೊಡ್ಡ ಗಣಿತಜ್ಞರನ್ನು ಕೆಲವು ವಾರ, ಕೆಲವು ತಿಂಗಳ ಮಟ್ಟಿಗೆ ಕರೆಸುವುದು. ಅವರು ತಮ್ಮ ವಿಷಯದ ಮೇಲೆ ಉಪನ್ಯಾಸ ಮಾಲೆ ಕೊಡುವುದು. ಅದನ್ನು ಒಬ್ಬ ವಿದ್ಯಾರ್ಥಿ ಬರೆದುಕೊಂಡು, ಬಿಟ್ಟುಹೋದ ಸಾಧನೆಗಳನ್ನು, ಅಂದರೆ ತಾರ್ಕಿಕ ಪುರಾವೆಗಳನ್ನು ತುಂಬಿ, ಪುಸ್ತಕದ ರೂಪಕ್ಕೆ ತರುವುದು. ಕೇಳಲು ಸುಲಭ. ನಿಮ್ಮಲ್ಲಿ ಎಂಎಸ್ಸಿ ಓದಿದವರು ಇದ್ದರೆ ಗೊತ್ತಿರುತ್ತದೆ: ದೊಡ್ಡವರು ಹಲಗೆಯ ಮೇಲೆ ‘ಇದು ಸ್ಪಷ್ಟ’ ಎಂದು ಬರೆದು ಮುಂದಕ್ಕೆ ಹೋಗಿಬಿಡುತ್ತಾರೆ. ಆ ‘ಸ್ಪಷ್ಟ’ವನ್ನು ರಾತ್ರಿ ಕುಳಿತು ಬಿಡಿಸಹೊರಟರೆ ಮೂರು ಪುಟ ಬೇಕು, ಒಮ್ಮೊಮ್ಮೆ ಮೂರು ದಿನ.

1955ರಲ್ಲಿ ಪ್ಯಾರಿಸ್ಸಿನ ಲೊರಾನ್ ಶ್ವಾರ್ಟ್ಸ್ ಅಲ್ಲಿ ಸಂಕೀರ್ಣ ವಿಶ್ಲೇಷಕ ಮ್ಯಾನಿಫೋಲ್ಡ್‌ಗಳ ಮೇಲೆ ಉಪನ್ಯಾಸ ಕೊಟ್ಟರು. ಶ್ವಾರ್ಟ್ಸ್ ಐದು ವರ್ಷಗಳ ಹಿಂದೆಯಷ್ಟೇ ಗಣಿತದ ಅತಿ ದೊಡ್ಡ ಗೌರವಗಳಲ್ಲೊಂದಾದ ಫೀಲ್ಡ್ಸ್ ಪದಕ ಪಡೆದವರು. ಆ ಪುಸ್ತಕದ ಮುಖಪುಟದಲ್ಲಿ ಇಂದಿಗೂ ನೋಡಬಹುದು, ಟಿಪ್ಪಣಿ ಬರೆದವರು ಎಂ.ಎಸ್. ನರಸಿಂಹನ್. ವಯಸ್ಸು ಇಪ್ಪತ್ತಮೂರು. ಅವರ ಹೆಸರು ಇನ್ನೊಬ್ಬರ ಹೆಸರಿನ ಪಕ್ಕ ಕುಳಿತ ಆರಂಭದ ಜಾಗಗಳಲ್ಲಿ ಅದೂ ಒಂದು. ಟಿಪ್ಪಣಿ ಬರೆಯುವ ಕೆಲಸವನ್ನು ನಾವು ಗುಮಾಸ್ತಗಿರಿ ಎಂದುಕೊಳ್ಳುತ್ತೇವೆ. ನನಗೆ ಹಾಗನ್ನಿಸುವುದಿಲ್ಲ. ಇನ್ನೊಬ್ಬರ ಯೋಚನೆಯನ್ನು ಅವರೇ ಮೆಚ್ಚುವಷ್ಟು ಸರಿಯಾಗಿ ಬರೆಯಬೇಕಾದರೆ ತನ್ನ ಜಾಣತನವನ್ನು ಬದಿಗಿಟ್ಟು ಕೇಳಬೇಕಾಗುತ್ತದೆ. ಆ ತಾಲೀಮು ಅವರಿಗೆ ಜೀವನಪೂರ್ತಿ ಉಳಿಯಿತು ಎಂದು ನನ್ನ ಎಣಿಕೆ.

ಮುಂದೆ ಶ್ವಾರ್ಟ್ಸ್ ಅವರೇ ನರಸಿಂಹನ್ ಅವರನ್ನು ಫ್ರಾನ್ಸಿಗೆ ಕರೆಸಿಕೊಂಡರು. ಶೇಷಾದ್ರಿಯವರೂ ಅದೇ ಕಾಲಕ್ಕೆ ಪ್ಯಾರಿಸ್ಸಿನಲ್ಲಿದ್ದರು. ಅಲ್ಲಿ ನರಸಿಂಹನ್ ಪ್ಲೂರಿಸಿಯಿಂದ, ಅಂದರೆ ಶ್ವಾಸಕೋಶದ ಪೊರೆಯ ಉರಿಯೂತದಿಂದ ಆಸ್ಪತ್ರೆ ಸೇರಬೇಕಾಯಿತು. ನಿಜವಾದ ಫ್ರಾನ್ಸನ್ನು ಕಂಡದ್ದು ಆ ಆಸ್ಪತ್ರೆಯಲ್ಲೇ ಎಂದು ಅವರು ಆಮೇಲೆ ಹೇಳಿಕೊಂಡಿದ್ದಾರೆ. ಸೆಮಿನಾರ್ ಕೋಣೆಯಲ್ಲಿ ಕಾಣುವ ಫ್ರಾನ್ಸ್ ಬೇರೆ, ಪಕ್ಕದ ಹಾಸಿಗೆಯಲ್ಲಿ ಕೆಮ್ಮುತ್ತ ಮಲಗಿರುವ ಫ್ರಾನ್ಸ್ ಬೇರೆ. ಅವರ ಎಡಪಂಥೀಯ ಒಲವು ಗಟ್ಟಿಯಾದದ್ದೂ ಆಗಲೇ. ಶ್ವಾರ್ಟ್ಸ್ ಅವರ ಒಡನಾಟವೂ ಅದಕ್ಕೆ ಕಾರಣ. ಅಲ್ಜೀರಿಯಾ ಯುದ್ಧವನ್ನು ವಿರೋಧಿಸಿ 1960ರಲ್ಲಿ ಹೇಳಿಕೆಗೆ ಸಹಿ ಹಾಕಿ, ಆ ಕಾರಣಕ್ಕೆ ಹುದ್ದೆ ಕಳೆದುಕೊಂಡ ಮನುಷ್ಯ ಅವರು.

ಈಗ ನರಸಿಂಹನ್–ಶೇಷಾದ್ರಿ ಪ್ರಮೇಯಕ್ಕೆ ಬರೋಣ. ಹಿಂದಿನ ಸಾಲಿನವರು ಕಾಫಿಗೆ ಏಳಬೇಡಿ, ಕಬ್ಬಿಣದ ಕಡಲೆಯೇನೂ ಅಲ್ಲ. ಕೂಡುವುದು, ಭಾಗಿಸುವುದು ಬಂದರೆ ಅರ್ಧ ದಾರಿ ನಡೆದ ಹಾಗೆ.

ಎರಡು ಅಥವಾ ಹೆಚ್ಚು ತೂತುಗಳಿರುವ, ಅಂಚಿಲ್ಲದ ಒಂದು ಮೇಲ್ಮೈ ಇದೆ ಎನ್ನಿ. ಅದರ ಪ್ರತಿಯೊಂದು ಬಿಂದುವಿನ ಮೇಲೂ ಒಂದು ಸದಿಶ ಅವಕಾಶ, ವೆಕ್ಟರ್ ಸ್ಪೇಸ್, ನಿಂತಿದೆ. ಇವೆಲ್ಲ ಹೊಂದಿಕೊಂಡು ಬೆಸೆದ ಒಟ್ಟು ವಸ್ತುವಿಗೆ ವೆಕ್ಟರ್ ಬಂಡಲ್ ಎಂದು ಹೆಸರು. ಇಂತಹ ಪ್ರತಿ ಬಂಡಲಿಗೂ ಎರಡು ಪೂರ್ಣಾಂಕಗಳು ಅಂಟಿಕೊಂಡಿರುತ್ತವೆ. ಒಂದು ಅದರ ರ್‍ಯಾಂಕ್, ಅಂದರೆ ಎಷ್ಟು ಆಯಾಮ. ಇನ್ನೊಂದು ಡಿಗ್ರಿ, ಅಂದರೆ ಅದು ಒಟ್ಟಾರೆ ಎಷ್ಟು ತಿರುಚಿಕೊಂಡಿದೆ ಎಂಬುದರ ಅಳತೆ. ಡಿಗ್ರಿಯನ್ನು ರ್‍ಯಾಂಕಿನಿಂದ ಭಾಗಿಸಿ. ಬರುವುದು ಒಂದು ಸರಾಸರಿ. ಅದಕ್ಕೆ ಸ್ಲೋಪ್ ಎನ್ನುತ್ತಾರೆ.

ಒಂದು ಅವಿಭಕ್ತ ಕುಟುಂಬವನ್ನು ನೆನೆಯಿರಿ. ನಾಲ್ಕು ತಲೆ, ವರ್ಷಕ್ಕೆ ಎಂಟು ಲಕ್ಷ ಆದಾಯ. ತಲಾ ಎರಡು ಲಕ್ಷ. ಆ ಮನೆಯೊಳಗೇ ಬೇರೆ ಒಲೆ ಹೂಡಬಲ್ಲ ಒಂದು ಗುಂಪಿದೆ, ಇಬ್ಬರು, ಇಬ್ಬರಿಂದ ಐದು ಲಕ್ಷ. ಅವರ ತಲಾ ಆದಾಯ ಎರಡೂವರೆ ಲಕ್ಷ, ಮನೆಯ ಸರಾಸರಿಗಿಂತ ಹೆಚ್ಚು. ಅಂತಹ ಮನೆ ಒಡೆಯುತ್ತದೆ ಎಂದು ಹೇಳಲು ಜ್ಯೋತಿಷಿ ಬೇಕಾಗಿಲ್ಲ. ಬೇರೆ ಒಲೆ ಹೂಡಬಲ್ಲ ಯಾವ ಒಳಗುಂಪಿನ ಸರಾಸರಿಯೂ ಇಡೀ ಮನೆಯ ಸರಾಸರಿಗಿಂತ ಕಡಿಮೆಯೇ ಇದ್ದರೆ ಆ ಮನೆ ಸ್ಥಿರ. ಗಣಿತಜ್ಞ ಡೇವಿಡ್ ಮಮ್‌ಫರ್ಡ್ 1960ರ ದಶಕದ ಆರಂಭದಲ್ಲಿ ‘ಸ್ಥಿರ ಬಂಡಲ್’ ಎಂದದ್ದು ಇದನ್ನೇ: ಒಳಗಿನ ಯಾವ ಉಪಬಂಡಲಿನ ಸ್ಲೋಪ್ ಕೂಡ ಇಡೀ ಬಂಡಲಿನ ಸ್ಲೋಪನ್ನು ಮುಟ್ಟಬಾರದು.

(ಇಲ್ಲಿ ಸಭೆಯಲ್ಲಿದ್ದ ಹಿರಿಯರೊಬ್ಬರು, ‘ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ದುಡಿಯುವವನು ಒಬ್ಬ ಇದ್ದೇ ಇರುತ್ತಾನಲ್ಲ, ಹಾಗಾದರೆ ಯಾವ ಮನೆಯೂ ಸ್ಥಿರವಲ್ಲ’ ಎಂದರು.) ಸರಿಯಾದ ಆಕ್ಷೇಪ. ಅದಕ್ಕೇ ‘ಬೇರೆ ಒಲೆ ಹೂಡಬಲ್ಲ’ ಎಂದು ಒತ್ತಿ ಹೇಳಿದ್ದು. ಹೆಚ್ಚು ದುಡಿಯುವವನು ಒಬ್ಬನೇ ಎದ್ದು ಹೋಗಲಾರದ ಹಾಗೆ ಮನೆ ಹೆಣೆದುಕೊಂಡಿರಬಹುದು. ಬಂಡಲಿನಲ್ಲೂ ಹಾಗೆಯೇ, ಮೇಲ್ಮೈಯ ಉದ್ದಗಲಕ್ಕೂ ಹೊಂದಿಕೊಂಡು ನಿಲ್ಲಬಲ್ಲ ಭಾಗಗಳಷ್ಟೇ ಲೆಕ್ಕಕ್ಕೆ ಬರುತ್ತವೆ.

ಇದು ಒಂದು ಲೋಕ. ಇನ್ನೊಂದು ಲೋಕ ಹೀಗಿದೆ. ಅದೇ ಮೇಲ್ಮೈಯ ಮೇಲೆ ಒಂದು ಬಿಂದುವಿನಲ್ಲಿ ಬಾಣವೊಂದನ್ನು ಹಿಡಿದು ಹೊರಡಿ. ಒಂದು ತೂತನ್ನು ಬಳಸಿ ಮತ್ತೆ ಹೊರಟಲ್ಲಿಗೇ ಬನ್ನಿ. ಬಾಣದ ಉದ್ದ ಅಷ್ಟೇ ಇದೆ, ದಿಕ್ಕು ತಿರುಗಿದೆ. ಬೇರೆ ಸುತ್ತಿಗೆ ಬೇರೆ ತಿರುವು. ಹೀಗೆ ಪ್ರತಿಯೊಂದು ಸುತ್ತಿಗೂ ಒಂದು ತಿರುವನ್ನು ಕೊಡುವ ನಿಯಮಕ್ಕೆ ಯೂನಿಟರಿ ಪ್ರತಿನಿಧಾನ ಎನ್ನುತ್ತಾರೆ. ಇಲ್ಲಿ ಸ್ಲೋಪ್ ಇಲ್ಲ, ಸರಾಸರಿ ಇಲ್ಲ. ಮೊದಲಿನ ಲೋಕಕ್ಕೂ ಇದಕ್ಕೂ ಏನು ಸಂಬಂಧ? ಈ ಎರಡರ ನಡುವೆ ಏನೋ ಇದೆ ಎಂಬ ಸುಳಿವನ್ನು 1938ರಷ್ಟು ಹಿಂದೆಯೇ ಫ್ರೆಂಚ್ ಗಣಿತಜ್ಞ ಆಂದ್ರೆ ವೇಯ್ಲ್ ಕೊಟ್ಟಿದ್ದರು. ವೇಯ್ಲ್ ಕೂಡ ನಮಗೆ ಅಪರಿಚಿತರಲ್ಲ, 1930ರಿಂದ ಎರಡು ವರ್ಷ ಅಲಿಗಢದಲ್ಲಿ ಪಾಠ ಹೇಳಿದವರು. ನರಸಿಂಹನ್ ಮತ್ತು ಶೇಷಾದ್ರಿ 1965ರಲ್ಲಿ ಸಾಧಿಸಿ ತೋರಿಸಿದ್ದು ಇದು: ಡಿಗ್ರಿ ಸೊನ್ನೆಯಾಗಿರುವ ಬಂಡಲುಗಳಲ್ಲಿ ಸ್ಥಿರವಾದವು ಯಾವುವೋ, ಒಡೆಯಲಾರದ ಯೂನಿಟರಿ ಪ್ರತಿನಿಧಾನದಿಂದ ಬರುವವೂ ಅವೇ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ಲೇಖನ ಪ್ರಕಟವಾದದ್ದು ‘ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್’ ಪತ್ರಿಕೆಯಲ್ಲಿ. ಕೆಲಸ ಮುಂಬಯಿಯದು, ಇಬ್ಬರೂ ಮೂವತ್ತಮೂರರ ಆಸುಪಾಸಿನವರು. 1983ರಲ್ಲಿ ಬ್ರಿಟನ್ನಿನ ಗಣಿತಜ್ಞ ಸೈಮನ್ ಡೊನಾಲ್ಡ್‌ಸನ್ ಇದಕ್ಕೆ ಪೂರಾ ಬೇರೆ ದಾರಿಯ ಸಾಧನೆ ಕೊಟ್ಟರು. ಆ ದಾರಿ ಭೌತಶಾಸ್ತ್ರದ ಯಾಂಗ್–ಮಿಲ್ಸ್ ಸಮೀಕರಣಗಳ ಮೂಲಕ ಹಾದುಹೋಗುತ್ತಿತ್ತು. 2006ರಲ್ಲಿ ಕಿಂಗ್ ಫೈಸಲ್ ಪ್ರಶಸ್ತಿಯನ್ನು ಡೊನಾಲ್ಡ್‌ಸನ್ ಮತ್ತು ನರಸಿಂಹನ್ ಹಂಚಿಕೊಂಡರು. ಮತ್ತೆ ಜೋಡಿ ಹೆಸರು! ಉಳಿದ ಪುರಸ್ಕಾರಗಳನ್ನು ಒಂದೇ ಉಸಿರಿನಲ್ಲಿ ಮುಗಿಸುತ್ತೇನೆ: 1975ರಲ್ಲಿ ವಿಜ್ಞಾನಿಗಳಿಗೆ ಕೊಡುವ ಭಟ್ನಾಗರ್ ಪ್ರಶಸ್ತಿ, 1990ರಲ್ಲಿ ಪದ್ಮಭೂಷಣ, 1996ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ.

ಸ್ಥಿರವಲ್ಲದ ಮನೆಗಳ ಗತಿ ಏನು ಎಂದು ನೀವು ಕೇಳಬೇಕಿತ್ತು. ಅದಕ್ಕೆ ಉತ್ತರ 1975ರಲ್ಲಿ ಗುಂಟರ್ ಹಾರ್ಡರ್ ಜೊತೆ ಬರೆದ ಲೇಖನದಲ್ಲಿದೆ. ಮೊದಲು ಅತಿ ಹೆಚ್ಚು ಸರಾಸರಿ ಇರುವ ಗುಂಪನ್ನು ಹುಡುಕಿ. ಅಂತಹವು ಹಲವು ಇದ್ದರೆ ಅವುಗಳಲ್ಲಿ ದೊಡ್ಡದನ್ನು ತೆಗೆದುಕೊಳ್ಳಿ. ಅದನ್ನು ಬೇರ್ಪಡಿಸಿ, ಉಳಿದದ್ದರಲ್ಲಿ ಮತ್ತೆ ಹಾಗೆಯೇ ಮಾಡಿ. ನಮ್ಮ ಮನೆಯಲ್ಲಿ ಎರಡೂವರೆಯ ಪಾಲು ಮೊದಲು, ಒಂದೂವರೆಯ ಪಾಲು ಆಮೇಲೆ. ಹೀಗೆ ಇಳಿಯುತ್ತ ಹೋಗುವ ಮೆಟ್ಟಿಲುಗಳಾಗಿ ಯಾವ ಬಂಡಲನ್ನಾದರೂ ಒಡೆಯಬಹುದು, ಮತ್ತು ಆ ಒಡೆಯುವ ಬಗೆ ಒಂದೇ ಒಂದು. ಪಾಲುಪಟ್ಟಿ ಒಂದೇ ರೀತಿಯಲ್ಲಿ ಬರೆಯಲು ಸಾಧ್ಯ, ತಕರಾರಿಗೆ ಜಾಗವೇ ಇಲ್ಲ. ನಮ್ಮ ಸಿವಿಲ್ ನ್ಯಾಯಾಲಯಗಳಲ್ಲಿ ಅಜ್ಜ ಹೂಡಿದ ಪಾಲಿನ ದಾವೆಯನ್ನು ಮೊಮ್ಮಗ ನಡೆಸುತ್ತಿರುತ್ತಾನೆ. ಅವರಿಗೆ ಈ ಪ್ರಮೇಯ ದಕ್ಕಲಿಲ್ಲ. ಹಾರ್ಡರ್ ಮತ್ತು ನರಸಿಂಹನ್ ಇದನ್ನು ಬಳಸಿದ್ದು ಸಾಂತ ಕ್ಷೇತ್ರಗಳ, ಅಂದರೆ ಎಣಿಸಿ ಮುಗಿಸಬಹುದಾದಷ್ಟೇ ಸಂಖ್ಯೆಗಳಿರುವ ಗಣಿತ ಲೋಕಗಳ ಮೇಲೆ ಬಂಡಲುಗಳನ್ನು ಎಣಿಸುವುದಕ್ಕೆ. ಎಂಟು ವರ್ಷಗಳ ನಂತರ ಮೈಕೆಲ್ ಅತಿಯಾ ಮತ್ತು ಬಾಟ್ ಎಂಬ ಗಣಿತಜ್ಞರು ಯಾಂಗ್–ಮಿಲ್ಸ್ ದಾರಿಯಿಂದ ಹೊರಟು ಅದೇ ಉತ್ತರಕ್ಕೆ ಬಂದು ನಿಂತರು.

ಮನೆಯ ಮಾತು ಬಂತಲ್ಲ, ಅವರ ಮನೆಯ ಬಗ್ಗೆ ಹೇಳುತ್ತೇನೆ. ‘ಕುಟುಂಬಕ್ಕಾಗಿ ಬಾಳಿದವರು’ ಎಂಬ ಮಾತನ್ನು ಶ್ರದ್ಧಾಂಜಲಿಗಳಲ್ಲಿ ಎಲ್ಲರ ಬಗ್ಗೆಯೂ ಬರೆಯುತ್ತಾರೆ. ದೊಡ್ಡವರ ಜೀವನಚರಿತ್ರೆಗಳಲ್ಲಿ ಹೆಂಡತಿಗೆ ಸಿಗುವುದು ಒಂದು ವಾಕ್ಯ, ಅದೂ ‘ಬೆನ್ನೆಲುಬಾಗಿ ನಿಂತರು’ ಎಂದು. ನಾನು ಬೇರೆ ಅಳತೆಗೋಲು ಇಡುತ್ತೇನೆ: ಆ ಮನೆಯಲ್ಲಿದ್ದ ಇತರರಿಗೆ ತಮ್ಮದೇ ಕೆಲಸ ಮಾಡಲು ಸಾಧ್ಯವಾಯಿತೇ? ನರಸಿಂಹನ್ 1962ರಲ್ಲಿ ಮದುವೆಯಾದದ್ದು ಶಕುಂತಲಾ ಅವರನ್ನು. ಶಕುಂತಲಾ ನರಸಿಂಹನ್ ಎಂದರೆ ಬೆಂಗಳೂರಿನ ಪತ್ರಿಕೆ ಓದುವವರಿಗೆ ಪರಿಚಯ ಬೇಡ. ಪತ್ರಕರ್ತೆ, ಗ್ರಾಹಕರ ಹಕ್ಕುಗಳಿಗಾಗಿ ಹೋರಾಡಿದವರು, ಸತಿ ಪದ್ಧತಿಯ ಬಗ್ಗೆ ಪುಸ್ತಕ ಬರೆದವರು. ಅದರ ಮೇಲೆ ಗಾಯಕಿ, ಕರ್ನಾಟಕ ಸಂಗೀತವನ್ನೂ ಹಿಂದುಸ್ತಾನಿಯನ್ನೂ ಹಾಡುವವರು. ಎರಡು ದೋಣಿಯ ಮೇಲೆ ಕಾಲಿಡಬಾರದು ಎನ್ನುವ ನಮ್ಮ ಸಂಗೀತ ಲೋಕದಲ್ಲಿ ಇದು ಸಣ್ಣ ಮಾತಲ್ಲ. ಗಂಡನ ಹೆಸರು ತೆಗೆದಿಟ್ಟರೂ ಈ ಪಟ್ಟಿಯಲ್ಲಿ ಏನೂ ಕಡಿಮೆಯಾಗುವುದಿಲ್ಲ.

ಅವರಿಗೆ ಒಬ್ಬ ಮಗಳು, ಒಬ್ಬ ಮಗ. ಮಗಳು ಶೋಭನಾ ನರಸಿಂಹನ್ ಭೌತವಿಜ್ಞಾನಿ, ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರಾಧ್ಯಾಪಕಿ. ವಿಜ್ಞಾನದಲ್ಲಿ ಹೆಣ್ಣುಮಕ್ಕಳು ನಡುದಾರಿಯಲ್ಲಿ ಏಕೆ ಕಳಚಿಕೊಳ್ಳುತ್ತಾರೆ, ಅವರನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದರ ಬಗ್ಗೆ ದೇಶ ವಿದೇಶಗಳಲ್ಲಿ ಕಮ್ಮಟ ನಡೆಸಿದವರು. ಒಂದೇ ಸೂರಿನಡಿ ಗಣಿತ, ಭೌತಶಾಸ್ತ್ರ, ಸಂಗೀತ, ಪತ್ರಿಕಾ ಬರಹ! ಗಣಿತ ಎಲ್ಲೆಲ್ಲಿ ಬೇಕಾಗುತ್ತದೆ ಎಂದು ಪಟ್ಟಿ ಮಾಡುತ್ತ ಸಂಗೀತ, ನಾಟಕ, ವೈದ್ಯ, ವಾಸ್ತುಗಳ ಜೊತೆಗೆ ಅಡುಗೆಯನ್ನೂ ಸೇರಿಸಿದವರು ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು. ಸಾವಿರದ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಮಾತು. ಗಣಿತ ಮನೆಯಿಂದ ದೂರ ಓಡಿಹೋದವರ ವಿದ್ಯೆ ಎಂಬ ಭಾವನೆ ನಮ್ಮ ನೆಲದ್ದಲ್ಲ.

ಇನ್ನು ಶ್ರೀಮಂತವಾದ ಇನ್ನೊಂದು ಮನೆ, ಶಿಷ್ಯರದು. 1965ರಲ್ಲಿ ಚಂದ್ರಶೇಖರನ್ ಜ್ಯೂರಿಚ್‌ಗೆ ಹೊರಟುಹೋದರು. ಕಟ್ಟಿದವರು ಹೋದ ಮೇಲೆ ಸಂಸ್ಥೆ ಉಳಿಯುವುದು ನಮ್ಮ ದೇಶದಲ್ಲಿ ಅಪರೂಪ. ಟಿಐಎಫ್‌ಆರ್‌ನ ಗಣಿತ ಶಾಲೆ ಉಳಿಯಿತು, ಏಕೆಂದರೆ ಮೂವತ್ತರ ಹರೆಯದಲ್ಲೇ ನರಸಿಂಹನ್ ಮೊದಲಾದವರು ಮುಂದಿನ ತಲೆಮಾರಿಗೆ ಪಾಠ ಹೇಳಲು ಕುಳಿತುಬಿಟ್ಟಿದ್ದರು. ನರಸಿಂಹನ್ ಅವರ ಶಿಷ್ಯರಲ್ಲಿ ಒಬ್ಬರು ಎಂ.ಎಸ್. ರಘುನಾಥನ್. ಮುಂದೆ ಜಗತ್ತೇ ಬಲ್ಲ ಗಣಿತಜ್ಞರಾದರು. ಎಸ್. ರಮಣನ್ ಶಿಷ್ಯರಾಗಿ ಬಂದು ಸಹಲೇಖಕರಾದರು. ಗುರುವಿನ ಹೆಸರಿನ ಪಕ್ಕ ಶಿಷ್ಯನ ಹೆಸರು ಸಮಸಮನಾಗಿ ಬರುವುದು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಎಷ್ಟು ಅಪರೂಪ ಎಂದು ಬಲ್ಲವರು ಬಲ್ಲರು. ಶಿಷ್ಯ ಬರೆದದ್ದರ ಮೇಲೆ ಗುರು ತನ್ನ ಹೆಸರು ಮೊದಲು ಹಾಕಿಸಿಕೊಳ್ಳುವುದು ಅಲ್ಲಿನ ರೂಢಿ.

ವಿಜಯ್ ಕುಮಾರ್ ಪಟೋಡಿ ಬಗ್ಗೆ ಸ್ವಲ್ಪ ನಿಲ್ಲಬೇಕು. ಮಧ್ಯಪ್ರದೇಶದ ಗುನಾದಲ್ಲಿ 1945ರಲ್ಲಿ ಹುಟ್ಟಿದ ಹುಡುಗ, ನರಸಿಂಹನ್ ಮತ್ತು ರಮಣನ್ ಅವರ ಮಾರ್ಗದರ್ಶನದಲ್ಲಿ 1971ರಲ್ಲಿ ಪಿಎಚ್‌ಡಿ. ಅತಿಯಾ ಮತ್ತು ಸಿಂಗರ್ ಸಾಧಿಸಿದ್ದ ಇಂಡೆಕ್ಸ್ ಪ್ರಮೇಯ ಎಂಬುದೊಂದಿದೆ. ಶಾಖ ಹೇಗೆ ಹರಡುತ್ತದೆ ಎಂದು ಹೇಳುವ ಸಮೀಕರಣದ ಕಡೆಯಿಂದ ಅದನ್ನು ತಲುಪಬಹುದು ಎಂದು ಪಟೋಡಿ ತೋರಿಸಿದರು. ದೈತ್ಯ ಗಾತ್ರದ ಲೆಕ್ಕಾಚಾರದಲ್ಲಿ ಪದಗಳು ಒಂದನ್ನೊಂದು ಹೊಡೆದುಹಾಕಿಕೊಂಡು ಕೊನೆಗೆ ಬೇಕಾದದ್ದಷ್ಟೇ ಉಳಿಯುತ್ತದೆ. ಅದನ್ನು ಕೈಯಾರೆ ಮಾಡಿದ ಧೈರ್ಯಶಾಲಿ. ಆಮೇಲೆ ಅತಿಯಾ, ಸಿಂಗರ್ ಜೊತೆಗೇ ಸೇರಿ ಬರೆದ ಲೇಖನಗಳು ಇಂದಿಗೂ ಮೂವರ ಹೆಸರಿನಲ್ಲೇ ಓಡಾಡುತ್ತಿವೆ. ಮೂತ್ರಪಿಂಡದ ಕಾಯಿಲೆ. 1976ರ ಡಿಸೆಂಬರ್‌ನಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇಪ್ಪತ್ತು ವರ್ಷ ಕಳೆದ ಮೇಲೆ, 1996ರಲ್ಲಿ, ಪಟೋಡಿಯ ಸಮಗ್ರ ಲೇಖನಗಳ ಸಂಪುಟ ಹೊರಬಂತು. ಸಂಪಾದಕರು ಮೈಕೆಲ್ ಅತಿಯಾ ಮತ್ತು ನರಸಿಂಹನ್. ಆಗ ನರಸಿಂಹನ್ ಇಟಲಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದರು, ಬೇಕಾದಷ್ಟು ಕೆಲಸವಿತ್ತು. ಎರಡು ದಶಕದ ಹಿಂದೆ ತೀರಿಹೋದ ಶಿಷ್ಯನ ಬರಹಗಳನ್ನು ಕಲೆಹಾಕುವುದರಿಂದ ಯಾರಿಗೂ ಪ್ರಶಸ್ತಿ ಬರುವುದಿಲ್ಲ, ಬಡ್ತಿ ಸಿಗುವುದಿಲ್ಲ. ಅವರ ಬಗ್ಗೆ ನನಗಿರುವ ಗೌರವದಲ್ಲಿ ದೊಡ್ಡ ಪಾಲು, ನಿಜ ಹೇಳುತ್ತೇನೆ, ಪ್ರಮೇಯಕ್ಕಿಂತ ಆ ಸಂಪುಟಕ್ಕೆ ಸೇರಿದ್ದು.

ರಾಷ್ಟ್ರೀಯ ಉನ್ನತ ಗಣಿತ ಮಂಡಳಿ, ವಿದ್ಯಾರ್ಥಿಗಳ ಬಾಯಲ್ಲಿ ಎನ್‌ಬಿಎಚ್‌ಎಂ, ಶುರುವಾದದ್ದು 1983ರಲ್ಲಿ, ಅಣುಶಕ್ತಿ ಇಲಾಖೆಯಡಿ. ಮೊದಲ ಅಧ್ಯಕ್ಷರು ನರಸಿಂಹನ್. ಮುಂದೆ ಶಿಷ್ಯ ರಘುನಾಥನ್ ಕೂಡ ಆ ಕುರ್ಚಿಯಲ್ಲಿ ಕುಳಿತರು. ಈ ಮಂಡಳಿ ಮಾಡುವ ಕೆಲಸ ಸುದ್ದಿಯಾಗುವಂಥದ್ದಲ್ಲ. ಗ್ರಂಥಾಲಯಗಳಿಗೆ ಅನುದಾನ, ಎಂಎಸ್ಸಿ ಮತ್ತು ಪಿಎಚ್‌ಡಿ ಮಾಡುವವರಿಗೆ ವಿದ್ಯಾರ್ಥಿವೇತನ. ವಿದೇಶಿ ಗಣಿತ ಪತ್ರಿಕೆಯ ವಾರ್ಷಿಕ ಚಂದಾ ಕೇಳಿ ಕಾಲೇಜಿನ ಗ್ರಂಥಪಾಲಕರು ಬೆಚ್ಚಿಬೀಳುವುದನ್ನು ನೋಡಿದವರಿಗೆ ಆ ಅನುದಾನದ ಬೆಲೆ ತಿಳಿಯುತ್ತದೆ. ಗಣಿತ ಒಲಿಂಪಿಯಾಡ್ ನಡೆಸುವ ಹೊಣೆಯೂ ಇದೇ ಮಂಡಳಿಯದು. ಅದರ ಒಲಿಂಪಿಯಾಡ್ ಘಟಕ ಬಹಳ ಕಾಲ ಇದ್ದದ್ದು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಗಣಿತ ವಿಭಾಗದಲ್ಲೇ.

1992ರಲ್ಲಿ ಟಿಐಎಫ್‌ಆರ್‌ನಿಂದ ನಿವೃತ್ತಿ. ಆಮೇಲೆ ಇಟಲಿಯ ಟ್ರಿಯೆಸ್ಟೆಯಲ್ಲಿರುವ ಐಸಿಟಿಪಿ ಎಂಬ ಅಂತರರಾಷ್ಟ್ರೀಯ ಕೇಂದ್ರದಲ್ಲಿ ಗಣಿತ ವಿಭಾಗದ ಮುಖ್ಯಸ್ಥರಾದರು. ಅದನ್ನು 1964ರಲ್ಲಿ ಕಟ್ಟಿದವರು ಪಾಕಿಸ್ತಾನದ ಭೌತವಿಜ್ಞಾನಿ ಅಬ್ದುಸ್ ಸಲಾಂ. ಸಲಾಂ ಕೇಂಬ್ರಿಜ್‌ನಲ್ಲಿ ಕಲಿತು 1951ರಲ್ಲಿ ಲಾಹೋರಿಗೆ ಮರಳಿದ್ದರು. ಮಾತಾಡಲು ಒಬ್ಬ ಸಹೋದ್ಯೋಗಿ ಇಲ್ಲ, ಹೊಸ ಪತ್ರಿಕೆಗಳಿಲ್ಲ. ವಿಜ್ಞಾನ ಬೇಕೋ ದೇಶ ಬೇಕೋ ಎಂಬ ಇಕ್ಕಟ್ಟಿನಲ್ಲಿ ಮೂರು ವರ್ಷಕ್ಕೆ ಮತ್ತೆ ಹೊರಟುಬಿಟ್ಟರು. ಆ ಇಕ್ಕಟ್ಟು ಇನ್ನೊಬ್ಬರಿಗೆ ಬರಬಾರದೆಂದೇ ಟ್ರಿಯೆಸ್ಟೆಯ ಕೇಂದ್ರ. ಬಡ ದೇಶಗಳ ವಿಜ್ಞಾನಿಗಳು ಊರು ಬಿಡದೆ ಆಗಾಗ ಅಲ್ಲಿಗೆ ಬಂದು, ಕೆಲವು ವಾರ ಓದಿ, ನಾಲ್ಕು ಜನರೊಡನೆ ಚರ್ಚಿಸಿ, ಮತ್ತೆ ಊರಿಗೆ ಮರಳಬಹುದು. ಜೊತೆಯಿಲ್ಲದೆ ಗಣಿತವಿಲ್ಲ ಎಂದು ಬದುಕಿ ತೋರಿಸಿದ ಮನುಷ್ಯನಿಗೆ ಇದಕ್ಕಿಂತ ಒಪ್ಪುವ ಕೆಲಸ ಯಾವುದಿತ್ತು?

ಅಲ್ಲಿಂದ ಮರಳಿ ನೆಲೆಸಿದ್ದು ಬೆಂಗಳೂರಿನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆ, ಯಲಹಂಕದಲ್ಲಿರುವ ಟಿಐಎಫ್‌ಆರ್‌ನ ಗಣಿತ ಕೇಂದ್ರ, ಇವುಗಳ ಒಡನಾಟ ಇಟ್ಟುಕೊಂಡಿದ್ದರು. 2020ರ ಜುಲೈನಲ್ಲಿ ಶೇಷಾದ್ರಿ ಚೆನ್ನೈನಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅವರೂ ಚೆನ್ನೈ ಗಣಿತ ಸಂಸ್ಥೆ ಎಂಬ ದೊಡ್ಡ ಶಾಲೆಯನ್ನು ಕಟ್ಟಿ ನಿಲ್ಲಿಸಿದ್ದರು. ಹತ್ತು ತಿಂಗಳಿಗೆ ನರಸಿಂಹನ್ ಹೋದರು.

ಸಮಯವಿದೆ, ಎರಡು ಪ್ರಶ್ನೆ ತೆಗೆದುಕೊಳ್ಳುತ್ತೇನೆ.

ಇದರಿಂದ ಉಪಯೋಗವೇನು ಎಂದು ಒಬ್ಬರು ಕೇಳಿದ್ದಾರೆ. ಯಾರಾದರೂ ಕೇಳುತ್ತಾರೆಂದು ಗೊತ್ತಿತ್ತು! ಸೇತುವೆ ಕಟ್ಟಲು, ಸಾಲ ತೀರಿಸಲು ಉಪಯೋಗವಿಲ್ಲ. ಆದರೆ ಸ್ಥಿರ ಬಂಡಲುಗಳ ಲೋಕ 1980ರ ದಶಕದಲ್ಲಿ ಸೈದ್ಧಾಂತಿಕ ಭೌತಶಾಸ್ತ್ರಕ್ಕೆ ಬೇಕಾಯಿತು. ಕನ್‌ಫಾರ್ಮಲ್ ಫೀಲ್ಡ್ ಥಿಯರಿ ಎಂಬ ವಿಷಯದಲ್ಲಿ ಭೌತವಿಜ್ಞಾನಿಗಳು ಊಹಿಸಿದ್ದ ಸೂತ್ರಗಳಿಗೆ ಗಣಿತದ ಬುನಾದಿ ಹಾಕುವಾಗ, ರಾಮದಾಸ್ ಮೊದಲಾದವರ ಜೊತೆ ನರಸಿಂಹನ್ ಅವರೇ ಮತ್ತೆ ದುಡಿದರು. ಆಗ ಅವರಿಗೆ ಅರವತ್ತು ದಾಟಿತ್ತು.

ಮುಂದಿನ ಸಾಲಿನ ಬಿಎಸ್ಸಿ ವಿದ್ಯಾರ್ಥಿನಿ, ಇದನ್ನೆಲ್ಲ ಓದಲು ಎಲ್ಲಿಂದ ಶುರುಮಾಡಬೇಕು ಎಂದು ಕೇಳುತ್ತಿದ್ದಾರೆ. ರೇಖೀಯ ಬೀಜಗಣಿತವನ್ನು ಪರೀಕ್ಷೆಗಾಗಿ ಓದಿದ್ದು ಸಾಲದು, ಇನ್ನೊಮ್ಮೆ ಓದಮ್ಮ. ಆಮೇಲೆ ಸಂಕೀರ್ಣ ವಿಶ್ಲೇಷಣೆ. ಟಿಐಎಫ್‌ಆರ್‌ನ ಹಳೆಯ ಉಪನ್ಯಾಸ ಟಿಪ್ಪಣಿಗಳೆಲ್ಲ ಈಗ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ, ಶ್ವಾರ್ಟ್ಸ್ ಅವರದೂ ಇದೆ. ಎನ್‌ಬಿಎಚ್‌ಎಂ ವಿದ್ಯಾರ್ಥಿವೇತನದ ಪರೀಕ್ಷೆ ಬರೆಯುವುದನ್ನು ಮರೆಯಬೇಡ. ಒಬ್ಬಳೇ ಓದಬೇಡ, ತರಗತಿಯಲ್ಲಿ ಆಸಕ್ತಿ ಇರುವ ಇನ್ನೊಬ್ಬರನ್ನು ಹುಡುಕಿಕೋ. ಒಂದು ವಾರ ಅವರು ಹಲಗೆಯ ಮುಂದೆ ನಿಲ್ಲಲಿ, ನೀನು ಟಿಪ್ಪಣಿ ಬರೆ. ಮುಂದಿನ ವಾರ ಅದಲುಬದಲು ಮಾಡಿಕೊಳ್ಳಿ.